ಒಂದೇ ಹಾಡಿ, ಎರಡು ಇಲಾಖೆ: ಚುಕ್ಕೆ ಇಲ್ಲದ ಪ್ರಶ್ನೆಯಿಂದ ಟಿಎಸ್‌ಪಿ ಹಣ ಹಿಡಿದ ಅನುಭವ

ಚುಕ್ಕೆ ಗುರುತಿಲ್ಲದ ಪ್ರಶ್ನೆ (ಸದನದಲ್ಲಿ ಮಾತಿಲ್ಲದೆ ಮಂತ್ರಿಗಳ ಲಿಖಿತ ಉತ್ತರ ಮಾತ್ರ ಬರುವಂಥದ್ದು) ಕೇಳಿ ಬುಡಕಟ್ಟು ಉಪಯೋಜನೆಯ, ಅಂದರೆ ಬಜೆಟ್ಟಿನಲ್ಲಿ ಬುಡಕಟ್ಟು ಜನರಿಗೆಂದು ತೆಗೆದಿಟ್ಟ ಟಿಎಸ್‌ಪಿ ಹಣ ವಾಪಸ್ ತರಿಸಬಹುದು ಅಂದಾಗ ಶಾಸಕರ ಭವನದಲ್ಲಿ ನಕ್ಕವರೇ ಜಾಸ್ತಿ. ಈಗ ವಸೂಲಿ ಆದೇಶ ಆಗಿದೆ, ಸ್ವಲ್ಪ ಹಣ ಖಜಾನೆಗೆ ಕಟ್ಟಿಯೂ ಆಗಿದೆ. ನಕ್ಕವರಲ್ಲಿ ಇಬ್ಬರು ಮೊನ್ನೆ ಫೋನ್ ಮಾಡಿ "ಆ ಪ್ರಶ್ನೆ ಹೇಗೆ ಬರೆದಿದ್ರಿ, ಕಳಿಸಿ" ಅಂದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಒಬ್ಬ ಶಾಸಕರ ಹತ್ತಿರ ಪ್ರಶ್ನೆ, ಟಿಪ್ಪಣಿ ಬರೆದುಕೊಡುವವನು.

ಮೊದಲು ನಾವೂ ಎಲ್ಲರ ಹಾಗೆ ದೊಡ್ಡ ಪ್ರಶ್ನೆಯನ್ನೇ ಕೇಳಿದೆವು. ಕಳೆದ ಮೂರು ವರ್ಷಗಳಲ್ಲಿ ಬಿಡುಗಡೆಯಾದ ಅನುದಾನವೆಷ್ಟು, ಖರ್ಚಾದದ್ದೆಷ್ಟು, ಜಿಲ್ಲಾವಾರು ವಿವರ ನೀಡುವುದು. ಒಂದು ಸಲ "ಮಾಹಿತಿ ಸಂಗ್ರಹಿಸಲಾಗುತ್ತಿದೆ" ಅಂತ ಬಂತು. ಇನ್ನೊಂದು ಸಲ ಗಲಾಟೆಯಲ್ಲಿ ಸದನ ಮುಂದೂಡಿ ಪ್ರಶ್ನೋತ್ತರವೇ ನಡೆಯಲಿಲ್ಲ. ಮತ್ತೊಂದು ಸಲ "ವಿವರಗಳನ್ನು ಅನುಬಂಧದಲ್ಲಿ ಒದಗಿಸಿದೆ" ಅಂತ ಬರೆದು ನಾನೂರು ಪುಟ ಕೊಟ್ಟರು. ಎಲ್ಲಾ ಸ್ಕ್ಯಾನ್ ಪ್ರತಿ, ಅರ್ಧ ಓರೆಯಾಗಿ ಸ್ಕ್ಯಾನ್ ಆಗಿದ್ದವು. ಸಾಫ್ಟ್ ಕಾಪಿ ಕೇಳಿದರೆ ಹಳೇ ನುಡಿ ಫಾಂಟ್‌ನಲ್ಲಿ ಕೊಟ್ಟರು, ಯೂನಿಕೋಡ್‌ಗೆ ತಿರುಗಿಸುವಷ್ಟರಲ್ಲಿ ಒತ್ತಕ್ಷರವೆಲ್ಲ ಚೆಲ್ಲಾಪಿಲ್ಲಿ. ಅದರಲ್ಲಿ ಸಿಕ್ಕಿದ್ದೇನು? ಖರ್ಚು ಶೇ 95ರ ಮೇಲೆ! ಹಣ ಕಾಮಗಾರಿ ಮಾಡಿಸುವ ಏಜೆನ್ಸಿಯ ಪಿಡಿ (ಠೇವಣಿ) ಖಾತೆಗೆ ಹೋದ ದಿನವೇ ಖರ್ಚು ಅಂತ ಬರೆದುಕೊಂಡರೆ ಇನ್ನೇನಾಗುತ್ತೆ.

ದೊಡ್ಡ ಮೊತ್ತದ ಜಗಳ ಬೇರೆ, ಅದು ನನ್ನ ಕೆಲಸ ಅಲ್ಲ. ಪರಿಶಿಷ್ಟರಿಗೆ ಜನಸಂಖ್ಯೆಗೆ ತಕ್ಕಂತೆ ಹಣ ತೆಗೆದಿಡಬೇಕು ಅನ್ನುವ 2013ರ ಕಾಯ್ದೆ, ಅದರ ಶೇ 24.1ರ ಲೆಕ್ಕ, ಆ ಹಣವನ್ನು ಬೇರೆ ಕಡೆಗೆ ತಿರುಗಿಸಲು ದಾರಿಯಾಗಿದ್ದ 7(ಡಿ) ಕಲಮನ್ನು 2023ರಲ್ಲಿ ತೆಗೆದದ್ದು, ಗ್ಯಾರಂಟಿಗಳಿಗೆ ಹೋದ ಹಣ, ಇವುಗಳ ಮೇಲೆ ಸದನದಲ್ಲಿ ಗಂಟೆಗಟ್ಟಲೆ ಮಾತಾಡಿದ್ದಾರೆ. 2025-26ರ ಬಜೆಟ್‌ನಲ್ಲಿ ಎಸ್‌ಸಿಎಸ್‌ಪಿ-ಟಿಎಸ್‌ಪಿ (ಪರಿಶಿಷ್ಟ ಜಾತಿ ಮತ್ತು ಬುಡಕಟ್ಟು ಉಪಯೋಜನೆ) ಎರಡೂ ಸೇರಿ ಸುಮಾರು 42 ಸಾವಿರ ಕೋಟಿ. ಅಷ್ಟು ದೊಡ್ಡ ಸಂಖ್ಯೆ ಎದುರಿಗಿಟ್ಟು ಪ್ರಶ್ನೆ ಕೇಳಿದರೆ ಭಾಷಣವೇ ಉತ್ತರವಾಗಿ ಬರುತ್ತೆ. ಹಾಗಂತ ಸಾರ್ವಜನಿಕ ಲೆಕ್ಕಪತ್ರ ಸಮಿತಿಗೆ ಕಾಯೋಣ ಅಂದರೆ ಸಿಎಜಿ (ಮಹಾಲೇಖಪಾಲರ) ವರದಿ ಬರಬೇಕು, ಅದರಲ್ಲಿನ ಕಂಡಿಕೆ ಚರ್ಚೆಗೆ ಬರಬೇಕು. ಅಷ್ಟರಲ್ಲಿ ಸಂಬಂಧಪಟ್ಟ ಅಧಿಕಾರಿಗೆ ನಿವೃತ್ತಿ, ಗುತ್ತಿಗೆದಾರನ ಹೊಸ ಮನೆಗೆ ಗೃಹಪ್ರವೇಶ.

ನಾನು ಮಾಡಿದ್ದು ಇಷ್ಟೇ. ಒಂದೇ ತಾಲ್ಲೂಕು, ಒಂದೇ ವರ್ಷ, ಒಂದೇ ಥರದ ಕಾಮಗಾರಿ ಹಿಡಿದೆ: ಸೋಲಾರ್ ದೀಪ. ಅದನ್ನೇ ಒಂದೇ ಅಧಿವೇಶನದಲ್ಲಿ ಎರಡು ಇಲಾಖೆಗೆ ಬೇರೆಬೇರೆ ಪ್ರಶ್ನೆಯಾಗಿ ಹಾಕಿಸಿದೆ. ಒಂದು ಇಲಾಖೆ ಬುಡಕಟ್ಟು ಹಣದಲ್ಲಿ ದೀಪ ಹಾಕುತ್ತೆ, ಇನ್ನೊಂದು ಪರಿಸರದ ಹಣದಲ್ಲಿ. "ಎಷ್ಟು ಖರ್ಚಾಗಿದೆ" ಅಂತ ಕೇಳಲೇ ಇಲ್ಲ. ಹಾಡಿಯ (ಬುಡಕಟ್ಟು ಜನರ ಕೇರಿಯ) ಹೆಸರು, ದೀಪದ ಸಂಖ್ಯೆ, ಬಿಲ್ ಪಾಸಾದ ದಿನಾಂಕ, ಹಣ ಸೆಳೆಯುವ ಅಧಿಕಾರಿಯ ಡಿಡಿಒ ಕೋಡ್, ಅಷ್ಟೇ. ನಮೂನೆಯನ್ನು ನಾವೇ ಹಾಕಿ ಕಳಿಸಿದೆವು. ಮಂತ್ರಿಗಳು ಸದನದಲ್ಲೇ ಎದ್ದು ಉತ್ತರಿಸುವ ಚುಕ್ಕೆ ಗುರುತಿನದು ಬೇಡ ಅಂತ ನಮ್ಮ ಶಾಸಕ ಸಾಹೇಬರನ್ನು ಒಪ್ಪಿಸಲು ತುಂಬಾ ಹೆಣಗಬೇಕಾಯಿತು. ಟಿವಿಯಲ್ಲಿ ಬರಲ್ಲ ಅಲ್ವಾ. ಆದರೆ ನಮಗೆ ಬೇಕಾಗಿದ್ದು ಮಂತ್ರಿಗಳ ಮಾತಲ್ಲ, ಅವರ ಸಹಿ ಬಿದ್ದ ಕಾಗದ.

ಎರಡೂ ಉತ್ತರ ಬಂದ ಮೇಲೆ ನಿಜವಾದ ತಲೆನೋವು ಶುರುವಾಯಿತು. ಒಬ್ಬರು ಹಾಡಿಯ ಹೆಸರು ಬರೆದಿದ್ದಾರೆ, ಇನ್ನೊಬ್ಬರು ಅರಣ್ಯದ ವಲಯ ಮತ್ತು ಗಸ್ತಿನ ಹೆಸರು ಬರೆದಿದ್ದಾರೆ. ಕೆಲವು ಕಡೆ ಬರೀ ಪಂಚಾಯಿತಿ ಹೆಸರು. ಜೇನುಕುರುಬರ ಒಂದೇ ಹಾಡಿಗೆ ಮೂರು ಹೆಸರು, ಪಕ್ಕದ ತಾಲ್ಲೂಕಿಗೆ ಹೋದರೆ ಸೋಲಿಗರು ಅದನ್ನು ಹಾಡಿ ಅನ್ನಲ್ಲ, ಪೋಡು ಅನ್ನುತ್ತಾರೆ. ಈ ಹೆಸರುಗಳನ್ನು ಹೊಂದಿಸುವ ಒಂದು ಪಟ್ಟಿ ಮಾಡಿದೆ, ಹಾಡಿಯ ಹುಡುಗರನ್ನೇ ಕೂರಿಸಿಕೊಂಡು. ಆ ಪಟ್ಟಿ ಯಾರಿಗೂ ಕೊಡಲ್ಲ, ದಯವಿಟ್ಟು ಕೇಳಬೇಡಿ. ಸರ್ಕಾರದ ಬಿಲ್ ಪಾವತಿಯ ಆನ್‌ಲೈನ್ ವ್ಯವಸ್ಥೆ ಖಜಾನೆ-2ರ ಬಿಲ್‌ಗಳನ್ನು ಯಾವ ಕ್ರಮದಲ್ಲಿ ಜೋಡಿಸಿದರೆ ಜೋಡಿ ತಾನಾಗೇ ಮೇಲೆ ಬರುತ್ತೆ ಅನ್ನೋದೂ ನನ್ನ ಹತ್ತಿರವೇ ಇರಲಿ.

ಜೋಡಿಸಿ ನೋಡಿದರೆ ಇಪ್ಪತ್ತು ಚಿಲ್ಲರೆ ಹಾಡಿಗಳಲ್ಲಿ ಒಂದೇ ದೀಪಕ್ಕೆ ಎರಡೂ ಕಡೆ ಬಿಲ್. ಬಹುತೇಕ ಎಲ್ಲವೂ ಮಾರ್ಚ್ ಕೊನೇ ವಾರದ್ದು. ಕಂಬದ ಮೇಲಿನ ಫಲಕದಲ್ಲಿ ಒಂದು ಇಲಾಖೆಯ ಹೆಸರು, ಅದರ ಮೇಲೆ ಇನ್ನೊಂದರ ಸ್ಟಿಕ್ಕರ್. ಒಟ್ಟು ಅರವತ್ತು ಲಕ್ಷದ ಆಸುಪಾಸು ಇರಬೇಕು.

ಖರ್ಚಿನ ವಿಷಯ. ಪ್ರಶ್ನೆಗೇನೂ ದುಡ್ಡಿಲ್ಲ. ಆರ್‌ಟಿಐ ಅರ್ಜಿಗೆ ಹತ್ತು ರೂಪಾಯಿ, ಪುಟಕ್ಕೆ ಎರಡು. ಆದರೆ ನಮ್ಮ ರಾಜ್ಯದ ನಿಯಮದಲ್ಲಿ 150 ಪದ, ಒಂದೇ ವಿಷಯ ಅಂತ ಇದೆಯಲ್ಲ, ಹಾಗಾಗಿ ಅರ್ಜಿ ಒಡೆದು ಒಡೆದು ಹಾಕಬೇಕು. ಡೇಟಾ ಎಂಟ್ರಿ ಹುಡುಗರಿಗೇ ಹದಿನೈದು ಸಾವಿರ ಹೋಯಿತು. ಪೆಟ್ರೋಲ್, ಜೆರಾಕ್ಸ್ ಎಲ್ಲಾ ಸೇರಿ ನಲವತ್ತು ಸಾವಿರದ ಹತ್ತಿರ. ಅರ್ಧ ನನ್ನ ಜೇಬಿನಿಂದಲೇ.

ಮಧ್ಯೆ ಇನ್ನೊಂದು ಕೈ ನೋಡಿದೆ. ಕ್ಯಾಂಪಾ (ಕಳೆದುಕೊಂಡ ಕಾಡಿಗೆ ಬದಲಾಗಿ ಕಾಡು ಬೆಳೆಸುವ ನಿಧಿ) ಹಣದ ನೆಡುತೋಪುಗಳನ್ನು ಉಪಗ್ರಹ ಚಿತ್ರದಲ್ಲಿ ತಾಳೆ ನೋಡೋಣ ಅಂತ. 2019ರಲ್ಲಿ ಕೇಂದ್ರದಿಂದ ರಾಜ್ಯಕ್ಕೆ ಸುಮಾರು 1,350 ಕೋಟಿ ಕ್ಯಾಂಪಾ ಹಣ ಬಂದಿದೆ, ಉತ್ತರಾಖಂಡದಲ್ಲಿ ಇದೇ ಹಣದಲ್ಲಿ ಐಫೋನ್, ಲ್ಯಾಪ್‌ಟಾಪ್ ಕೊಂಡಿದ್ದನ್ನು ಸಿಎಜಿ ಎತ್ತಿ ಹೇಳಿದೆ, ಹಾಗಾಗಿ ಆಸೆ ಇತ್ತು. ಕೆಲಸ ಆಗಲಿಲ್ಲ. ಮಳೆಗಾಲದಲ್ಲಿ ಮೋಡ. ಬೇಸಿಗೆ ಚಿತ್ರದಲ್ಲಿ ಹಸಿರು ಕಂಡಿತು ಅಂತ ಹೋಗಿ ನೋಡಿದರೆ ಬರೀ ಲಂಟಾನ ಕಳೆ. ಸಸಿ ಎಷ್ಟು ಬದುಕಿದೆ ಅಂತ ಆಕಾಶದಿಂದ ಗೊತ್ತಾಗಲ್ಲ, ಸಾಲು ಹಿಡಿದು ನಡೆದೇ ಎಣಿಸಬೇಕು. ಕೈಬಿಟ್ಟೆ.

ಮುಂದಿನ ಅಧಿವೇಶನದಲ್ಲಿ ನಿಯಮ 73ರ ಅಡಿ ಗಮನ ಸೆಳೆಯುವ ಸೂಚನೆ ಕೊಡಿಸಿದೆವು. ಎರಡೂ ಉತ್ತರಗಳನ್ನು ಪಕ್ಕಪಕ್ಕ ಇಟ್ಟು ಒಂದೇ ಹಾಳೆ. "ಇವೆರಡರಲ್ಲಿ ಸರ್ಕಾರದ ಉತ್ತರ ಯಾವುದು?" ಅಂತ ಸಾಹೇಬರು ಕೇಳಿದರು, ಅಷ್ಟೇ ಸಾಕಾಯಿತು. "ಪರಿಶೀಲಿಸಿ ಕ್ರಮ ಕೈಗೊಳ್ಳುತ್ತೇವೆ" ಅಂತ ಬಂತು. ಬಹಳ ಜನ ಇಲ್ಲಿಗೇ ಚಪ್ಪಾಳೆ ಹೊಡೆದು ಮನೆಗೆ ಹೋಗುತ್ತಾರೆ. ಆ ಮಾತು ಕಡತಕ್ಕೆ ಹೋದರೆ ಅದು ಭರವಸೆ, ಭರವಸೆಗಳ ಸಮಿತಿಗೆ ಪತ್ರ ಬರೆದು ಬೆನ್ನು ಹತ್ತಬೇಕು. ಪ್ರತಿ ತಿಂಗಳೂ ಪತ್ರ ಹಾಕಿದೆ. ಆಮೇಲೆ ಜಂಟಿ ತಪಾಸಣೆ, ನೋಟಿಸ್, ವಸೂಲಿ.

ಅರವತ್ತು ಲಕ್ಷದಲ್ಲಿ ಈವರೆಗೆ ಕಟ್ಟಿರುವುದು ಮೂರನೇ ಒಂದು ಭಾಗ ಇರಬಹುದು. ಉಳಿದದ್ದಕ್ಕೆ ಗುತ್ತಿಗೆದಾರ ಕೋರ್ಟಿಗೆ ಹೋಗಿದ್ದಾನೆ. ಮುಂದಿನ ಅಧಿವೇಶನಕ್ಕೆ ಕೊಳವೆಬಾವಿ ಹಿಡಿದಿದ್ದೇನೆ, ಈ ಸಲ ಎರಡಲ್ಲ, ಮೂರು ಇಲಾಖೆ.