ಅರ್ಧ ಟ್ಯಾಂಕಿಗೆ ಬಂದಾಗ ನಿಲ್ಲುತ್ತಿದ್ದ ಜನರೇಟರ್: ನನ್ನ ಅನುಭವ

ಒಳಗೇ ಮಲಗಿ ಉಣ್ಣುವ ಅನುಕೂಲವಿರುವ ನಮ್ಮ ಮೋಟರ್‌ಹೋಮಿನ ಜನರೇಟರ್ ಮೊದಲ ಸಲ ನಿಂತದ್ದು 2023ರ ಜುಲೈನಲ್ಲಿ, ಅಮೆರಿಕದ ಅರಿಜೋನಾದಲ್ಲಿ, ಫೀನಿಕ್ಸ್‌ನಿಂದ ಫ್ಲ್ಯಾಗ್‌ಸ್ಟಾಫ್‌ಗೆ ಹೋಗುವ ಐ-17 ಹೆದ್ದಾರಿಯಲ್ಲಿ, ಕ್ಯಾಂಪ್ ವರ್ಡಿ ಎಂಬ ಊರಿನ ಹತ್ತಿರ. ಆ ಬೇಸಿಗೆಯಲ್ಲಿ ಫೀನಿಕ್ಸ್‌ನ ಉಷ್ಣಾಂಶ ಸತತವಾಗಿ 31 ದಿನ 110 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು ಅಥವಾ ಅದನ್ನು ದಾಟಿತ್ತು. ತಿಪಟೂರಿನಿಂದ ನಮ್ಮನ್ನು ನೋಡಲು ಬಂದಿದ್ದ ಅಪ್ಪನಿಗೆ ಆ ಸೆಕೆ ತಡೆಯಲಾಗುತ್ತಿರಲಿಲ್ಲವಾದ್ದರಿಂದ, ನಾಲ್ಕು ದಿನ ಏಳು ಸಾವಿರ ಅಡಿ ಎತ್ತರದಲ್ಲಿರುವ ಫ್ಲ್ಯಾಗ್‌ಸ್ಟಾಫ್‌ನ ಪೈನ್ ಕಾಡಿನಲ್ಲಿ ಇದ್ದು ಬರೋಣವೆಂದು ಹೊರಟಿದ್ದೆವು. ಮಧ್ಯಾಹ್ನ ಊಟಕ್ಕೆ ಗಾಡಿ ನಿಲ್ಲಿಸಿ, ಅಪ್ಪ ಸ್ವಲ್ಪ ಹೊತ್ತು ಮಲಗಲೆಂದು ಜನರೇಟರ್ ಶುರು ಮಾಡಿ ಏಸಿ ಹಾಕಿದೆ. ಅರ್ಧ ಗಂಟೆಯಾಗುವಷ್ಟರಲ್ಲಿ ಏಸಿಯ ಸದ್ದು ಅಡಗಿತು. ನೋಡಿದರೆ ಜನರೇಟರೇ ನಿಂತುಹೋಗಿತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿದರೆ ಏನೂ ಆಗದ ಹಾಗೆ ಶುರುವಾಯಿತು, ಇಪ್ಪತ್ತು ನಿಮಿಷಕ್ಕೆ ಮತ್ತೆ ನಿಂತಿತು.

ಗಾಡಿ 24 ಅಡಿ ಉದ್ದದ್ದು, ಹಳೆಯದನ್ನು ಕೊಂಡದ್ದು. ಅದರ ಜನರೇಟರ್ 4000 ವ್ಯಾಟ್‌ನ ಪೆಟ್ರೋಲ್ ಎಂಜಿನ್. ಗಾಡಿಯ ಮುಖ್ಯ ಟ್ಯಾಂಕಿನಿಂದಲೇ ಅದಕ್ಕೂ ಪೆಟ್ರೋಲ್ ಹೋಗುತ್ತದೆ. ಇಂಥ ಗಾಡಿಗಳಲ್ಲಿ ಜನರೇಟರಿನ ಪೈಪನ್ನು ಟ್ಯಾಂಕಿನ ತಳದವರೆಗೆ ಇಳಿಸಿರುವುದಿಲ್ಲ. ಸಾಮಾನ್ಯವಾಗಿ ಕಾಲು ಟ್ಯಾಂಕಿನ ಮಟ್ಟದಲ್ಲಿ ಅದು ಮುಗಿದುಬಿಡುತ್ತದೆ. ರಾತ್ರಿಯಿಡೀ ಜನರೇಟರ್ ಓಡಿಸಿದರೂ ಬೆಳಗ್ಗೆ ಊರು ಸೇರುವಷ್ಟು ಪೆಟ್ರೋಲ್ ಉಳಿಯಲಿ ಎಂಬುದು ಅದರ ಉದ್ದೇಶ. ಇದು ಗೊತ್ತಿದ್ದರಿಂದ ಮೊದಲು ನೋಡಿದ್ದು ಪೆಟ್ರೋಲ್ ಮುಳ್ಳನ್ನೇ. ಮುಳ್ಳು ಅರ್ಧಕ್ಕಿಂತ ಕೂದಲೆಳೆಯಷ್ಟು ಕೆಳಗಿತ್ತು. ಕಾಲು ಟ್ಯಾಂಕಿಗೆ ಇನ್ನೂ ಬಹಳ ಅಂತರವಿದೆಯಲ್ಲ ಎಂದು ಪೆಟ್ರೋಲಿನ ಯೋಚನೆಯನ್ನು ಅಲ್ಲಿಗೇ ಬಿಟ್ಟೆ. ಮುಂದಿನ ಎರಡು ತಿಂಗಳು ದಾರಿ ತಪ್ಪಿದ್ದು ಆ ಒಂದು ತೀರ್ಮಾನದಿಂದ.

ಫ್ಲ್ಯಾಗ್‌ಸ್ಟಾಫ್‌ನಲ್ಲಿ ಆಯಿಲ್ ನೋಡಿದೆ. ಆಯಿಲ್ ಕಡಿಮೆಯಾದರೆ ಇಂಥ ಎಂಜಿನ್ನುಗಳು ತಮ್ಮನ್ನು ತಾವೇ ನಿಲ್ಲಿಸಿಕೊಳ್ಳುತ್ತವೆ. ಮಟ್ಟ ಸರಿಯಾಗಿತ್ತು. ಗಾಳಿ ಒಳಗೆ ಹೋಗುವ ಜಾಲರಿಯನ್ನು ಬ್ರಷ್‌ನಿಂದ ಉಜ್ಜಿದೆ, ಏರ್ ಫಿಲ್ಟರ್ ತೆಗೆದು ದೂಳು ಕೊಡವಿದೆ. ಆಮೇಲೆ ಅನುಮಾನ ಎತ್ತರದ ಮೇಲೆ ಹೋಯಿತು. ಎತ್ತರ ಏರಿದಂತೆ ಗಾಳಿ ತೆಳುವಾಗಿ, ಪ್ರತಿ ಸಾವಿರ ಅಡಿಗೆ ಎಂಜಿನ್ನಿನ ಶಕ್ತಿ ನೂರಕ್ಕೆ ಮೂರು ನಾಲ್ಕು ಪಾಲಿನಷ್ಟು ಕುಗ್ಗುತ್ತದೆ. ಏಳು ಸಾವಿರ ಅಡಿಯಲ್ಲಿ ನಮ್ಮ 4000 ವ್ಯಾಟ್ ಹೆಚ್ಚುಕಡಿಮೆ 3000ಕ್ಕೆ ಇಳಿದಿರುತ್ತದೆ. ಏಸಿ ಮತ್ತು ಮೈಕ್ರೋವೇವ್ ಎರಡನ್ನೂ ಒಟ್ಟಿಗೆ ಹಾಕಿದರೆ ಅಷ್ಟು ಸಾಲದು. ಆದರೆ ಬರೀ ಬ್ಯಾಟರಿ ಚಾರ್ಜ್ ಆಗುತ್ತಿದ್ದಾಗಲೂ ಜನರೇಟರ್ ನಿಂತಿತಾದ್ದರಿಂದ ಹೊರೆಯ ಲೆಕ್ಕ ಹೊಂದಲಿಲ್ಲ.

ಮನೆಗೆ ಬಂದ ಮೇಲೆ ಅದನ್ನು ಒಂದು ರಿಪೇರಿ ಅಂಗಡಿಗೆ ಕೊಟ್ಟೆ. ಅವರು ಎರಡು ಗಂಟೆ ಓಡಿಸಿ, ತೊಂದರೆ ಏನೂ ಕಾಣಲಿಲ್ಲವೆಂದು ಹೇಳಿ, ಆದರೂ ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಕಾರ್ಬುರೇಟರ್ ಬದಲಿಸುವುದು ಒಳ್ಳೆಯದೆಂದು ಸಲಹೆ ಕೊಟ್ಟರು. ಇಲ್ಲಿ ಸಿಗುವ ಪೆಟ್ರೋಲಿನಲ್ಲಿ ನೂರಕ್ಕೆ ಹತ್ತರಷ್ಟು ಇಥನಾಲ್ ಇರುವುದರಿಂದ, ತಿಂಗಳುಗಟ್ಟಲೆ ಓಡಿಸದೆ ನಿಲ್ಲಿಸಿದ ಎಂಜಿನ್ನುಗಳ ಕಾರ್ಬುರೇಟರಿನಲ್ಲಿ ಅಂಟು ಕಟ್ಟುವುದು ಸಾಮಾನ್ಯ, ಹಾಗಾಗಿ ಆ ಮಾತು ನಂಬುವಂತೆಯೇ ಇತ್ತು. ಹೊಸ ಕಾರ್ಬುರೇಟರ್ ತರಿಸಿ ನಾನೇ ಹಾಕಿದೆ. ಮನೆಯ ಮುಂದೆ ಮೂರು ಗಂಟೆ ಏಸಿ ಹಾಕಿ ಓಡಿಸಿದರೆ ಒಮ್ಮೆಯೂ ನಿಲ್ಲಲಿಲ್ಲ. ಸೆಪ್ಟೆಂಬರಿನಲ್ಲಿ ಮತ್ತೆ ಹೊರಟಾಗ, ಎರಡನೆಯ ದಿನ ಮಧ್ಯಾಹ್ನ, ಹಿಂದಿನಂತೆಯೇ ನಿಂತಿತು.

ಈ ಸಲ ಎರಡು ಕೆಲಸ ಮಾಡಿದೆ. ಮೊದಲನೆಯದು, ಯಾವ ದೋಷವೆಂದು ಸೂಚಿಸಲು ಸ್ವಿಚ್ಚಿನ ಮೇಲಿನ ದೀಪ ಮಿಟುಕುವುದನ್ನು ಎಣಿಸಿದ್ದು. ಇದನ್ನು ಮೊದಲ ದಿನವೇ ಮಾಡಬೇಕಿತ್ತು. ನಮ್ಮ ಯಂತ್ರದಲ್ಲಿ ದೀಪ ಮೂರು ಸಲ ಮಿಟುಕಿ, ಸ್ವಲ್ಪ ತಡೆದು, ಆರು ಸಲ ಮಿಟುಕಿತು. ಕೈಪಿಡಿಯ ಪ್ರಕಾರ 36 ಎಂದರೆ, ಕಂಟ್ರೋಲ್ ಬೋರ್ಡ್ ನಿಲ್ಲಿಸು ಎಂದು ಹೇಳದೆ ಎಂಜಿನ್ ತಾನಾಗಿ ನಿಂತಿದೆ ಎಂದರ್ಥ. ಆಯಿಲ್ ಒತ್ತಡ ಕುಸಿದಿದ್ದರೆ ಅದಕ್ಕೆ ಬೇರೆಯೇ ಸಂಖ್ಯೆ ಇದೆ. ಅಲ್ಲಿಗೆ ಸೆನ್ಸರು, ಬೋರ್ಡುಗಳ ಮೇಲಿನ ಅನುಮಾನ ಬಹುಪಾಲು ಬಗೆಹರಿಯಿತು; ಉಳಿದದ್ದು ಪೆಟ್ರೋಲ್, ಗಾಳಿ, ಕಿಡಿ, ಈ ಮೂರೇ. ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿದಾಗ ತುದಿಯ ಪಿಂಗಾಣಿ ಸುಣ್ಣ ಬಳಿದಂತೆ ಬೆಳ್ಳಗಿತ್ತು. ಸರಿಯಾಗಿ ಉರಿದ ಪ್ಲಗ್ಗಿಗೆ ತಿಳಿಗಂದು ಬಣ್ಣವಿರುತ್ತದೆ, ಪೆಟ್ರೋಲ್ ಹೆಚ್ಚಾದರೆ ಮಸಿ ಹಿಡಿಯುತ್ತದೆ, ಕಡಿಮೆಯಾದರೆ ಹೀಗೆ ಬಿಳುಪೇರುತ್ತದೆ.

ಎರಡನೆಯದು, ಒಂದು ಸಣ್ಣ ನೋಟ್‌ಬುಕ್ಕಿನಲ್ಲಿ ಪ್ರತಿ ಸಲದ ವಿವರ ಬರೆಯಲು ಶುರು ಮಾಡಿದ್ದು: ಎಷ್ಟು ಹೊತ್ತು ಓಡಿತು, ಹೊರಗೆ ಎಷ್ಟು ಬಿಸಿಲಿತ್ತು, ಏನೇನು ಹಾಕಿದ್ದೆವು, ಪೆಟ್ರೋಲ್ ಮುಳ್ಳು ಎಲ್ಲಿತ್ತು. ಆರು ಸಾಲು ಬರೆಯುವಷ್ಟರಲ್ಲಿ ವಿಷಯ ಹಾಳೆಯ ಮೇಲೆ ಕಾಣಿಸತೊಡಗಿತು. ಟ್ಯಾಂಕ್ ತುಂಬಿದ್ದಾಗಲಾಗಲಿ ಮುಕ್ಕಾಲು ಇದ್ದಾಗಲಾಗಲಿ, ಎಂಥ ಬಿಸಿಲಿನಲ್ಲೂ ಜನರೇಟರ್ ಒಂದು ಸಲವೂ ನಿಂತಿರಲಿಲ್ಲ. ಅರ್ಧಕ್ಕೆ ಇಳಿದಾಗ ಮೂವತ್ತೈದು ನಿಮಿಷಕ್ಕೆ, ಅದಕ್ಕಿಂತ ಕೆಳಗಿದ್ದಾಗ ಇಪ್ಪತ್ತಕ್ಕೆ ನಿಂತಿತ್ತು. ಪ್ರವಾಸದಿಂದ ಬರುವಾಗ ಬಂಕಿನಲ್ಲಿ ಟ್ಯಾಂಕ್ ತುಂಬಿಸಿಯೇ ಮನೆಗೆ ತರುವುದು ನನ್ನ ರೂಢಿ. ಅಂಗಡಿಯವರು ಓಡಿಸಿದಾಗಲೂ, ಹೊಸ ಕಾರ್ಬುರೇಟರ್ ಹಾಕಿ ನಾನು ಓಡಿಸಿದಾಗಲೂ ಟ್ಯಾಂಕ್ ತುಂಬಿತ್ತು. ಗಾಡಿ ಮನೆಯಲ್ಲಿದ್ದಾಗ ಈ ದೋಷ ತೋರಿಸಿಕೊಳ್ಳಲು ಸಾಧ್ಯವೇ ಇರಲಿಲ್ಲ.

ಅಪ್ಪನ ಮಾತು ಬಂದದ್ದು ಇಲ್ಲಿ. ನಾನು ಪ್ರತಿ ಸಲವೂ ಒಳಗೆ ಕೂತು ಗಡಿಯಾರ ನೋಡುತ್ತಿದ್ದೆ. ಅವರು ಮಾತ್ರ ಹೊರಗೆ ಜನರೇಟರಿನ ಬಾಗಿಲಿನಿಂದ ಸ್ವಲ್ಪ ದೂರದಲ್ಲಿ, ಹೊಗೆ ಬಾರದ ಕಡೆ, ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. “ಇದು ಕರೆಂಟು ಹೋದಂಗೆ ನಿಲ್ಲಲ್ಲ ಕಣಪ್ಪಾ. ನಿಲ್ಲೋಕ್ ಮುಂಚೆ ಎರಡು ಮೂರು ಸಲ ಉಸಿರು ಕಟ್ಟಿ ಬಿಡ್ತದೆ. ನಮ್ಮ ಬಾವಿ ಪಂಪು ಬೇಸಿಗೇಲಿ ಏರ್ ಎಳೀತಿತ್ತಲ್ಲ, ಹಂಗೇ ಐತೆ,” ಎಂದರು. ಮರುಸಲ ನಾನೂ ಹೊರಗೆ ನಿಂತು ಕೇಳಿದೆ. ಒಂದೇ ಲಯದಲ್ಲಿ ಓಡುತ್ತಿದ್ದ ಎಂಜಿನ್ ಇದ್ದಕ್ಕಿದ್ದಂತೆ ಬಿಗಿಹಿಡಿದು, ಮತ್ತೆ ಜೋರಾಗಿ, ಮತ್ತೆ ಕುಗ್ಗಿ, ಮೂರನೆಯ ಸಲ ಏಳಲಾರದೆ ನಿಂತಿತು. ಸ್ವಿಚ್ ಆಫ್ ಮಾಡಿದಂತೆ ತಟ್ಟನೆ ನಿಂತರೆ ಮೊದಲು ವಿದ್ಯುತ್ತಿನ ಕಡೆ ನೋಡಬೇಕು, ಹೀಗೆ ಏದುಸಿರು ಬಿಟ್ಟು ನಿಂತರೆ ಪೆಟ್ರೋಲಿನ ಕಡೆ. ಈ ವ್ಯತ್ಯಾಸ ಒಳಗೆ ಏಸಿಯ ಸದ್ದಿನಲ್ಲಿ ಕೂತವನಿಗೆ ಕೇಳಿಸುವುದೇ ಇಲ್ಲ.

ತಿಪಟೂರಿನ ನಮ್ಮ ತೋಟದ ತೆರೆದ ಬಾವಿಯ ಪಂಪ್‌ಸೆಟ್ಟನ್ನು ನಾನೂ ಚಿಕ್ಕಂದಿನಲ್ಲಿ ನೋಡಿದ್ದೇನೆ. ಬಾವಿ ತುಂಬಿರುವಾಗ, ನೀರನ್ನು ಪಂಪಿಗೆ ಎಳೆಯುವ ಸಕ್ಷನ್ ಪೈಪಿನಲ್ಲಿ ಸಣ್ಣ ಬಿರುಕಿದ್ದರೂ ಪಂಪ್ ನೀರೆತ್ತುತ್ತದೆ. ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಪಂಪ್ ಹೆಚ್ಚು ಬಲವಾಗಿ ಎಳೆಯಬೇಕಾಗುತ್ತದೆ, ಆಗ ನೀರಿನ ಬದಲು ಬಿರುಕಿನಿಂದ ಗಾಳಿಯನ್ನು ಎಳೆದುಕೊಳ್ಳುತ್ತದೆ. ಅಪ್ಪ ಪೈಪಿನ ಜೋಡಣೆಗೆ ಸೈಕಲ್ ಟ್ಯೂಬ್ ಸುತ್ತಿ, ಸಗಣಿ ನೀರು ಹೊಯ್ದು ಪಂಪ್ ಎತ್ತಿಸುತ್ತಿದ್ದದ್ದು ನೆನಪಿದೆ. ಆ ಪೈಪಿನಿಂದ ಒಂದು ಹನಿ ನೀರೂ ಹೊರಗೆ ತೊಟ್ಟಿಕ್ಕುತ್ತಿರಲಿಲ್ಲ. ಎಳೆಯುವ ಕಡೆಯ ಬಿರುಕು ಪಂಪ್ ಓಡುವಾಗ ಹೊರಗೆ ಸೋರುವುದಿಲ್ಲ, ಒಳಗೆ ಗಾಳಿ ಸೇರಿಸುತ್ತದೆ. ನಮ್ಮ ಗಾಡಿಯಲ್ಲಿ ಪೆಟ್ರೋಲ್ ಪಂಪ್ ಇರುವುದು ಜನರೇಟರಿನಲ್ಲಿ. ಟ್ಯಾಂಕಿನಿಂದ ಅಲ್ಲಿಯವರೆಗಿನ ಪೈಪು ಪೂರ್ತಿ ಸಕ್ಷನ್ನಿನದೇ. ನಾನು ಅದುವರೆಗೆ ಒದ್ದೆ ಕಲೆಯನ್ನೂ ಪೆಟ್ರೋಲ್ ವಾಸನೆಯನ್ನೂ ಹುಡುಕಿ, ಎರಡೂ ಇಲ್ಲವೆಂದು ಪೈಪು ಚೆನ್ನಾಗಿದೆಯೆಂದು ತಿಳಿದಿದ್ದೆ.

ಮೊದಲು ಫ್ಯೂಯಲ್ ಫಿಲ್ಟರ್ ಬದಲಿಸಿದೆ. ಹಳೆಯದನ್ನು ಬಿಳಿ ಬಟ್ಟಲಿಗೆ ಬಗ್ಗಿಸಿದಾಗ ತುಕ್ಕಿನ ಪುಡಿ ಸ್ವಲ್ಪ ಬಂತು, ಓಡುವ ಅವಧಿ ಹತ್ತು ನಿಮಿಷ ಹೆಚ್ಚಿತು, ಅಷ್ಟೇ. ಆಮೇಲೆ ಪಂಪಿಗೆ ಸೇರುವ ಜಾಗದಲ್ಲಿ ಒಂದು ಗೇಣುದ್ದದ, ಪೆಟ್ರೋಲ್ ತಡೆಯುವ ಪಾರದರ್ಶಕ ಪೈಪನ್ನು ತಾತ್ಕಾಲಿಕವಾಗಿ ಸೇರಿಸಿದೆ. ಶುರುವಿನಲ್ಲಿ ಪೆಟ್ರೋಲ್ ತಿಳಿಯಾಗಿ ಹರಿಯುತ್ತಿತ್ತು. ಹನ್ನೆರಡನೆಯ ನಿಮಿಷಕ್ಕೆ ಸಾಸಿವೆ ಗಾತ್ರದ ಗುಳ್ಳೆಗಳು ಒಂದೊಂದಾಗಿ ಬಂದವು, ಬರಬರುತ್ತ ಅವು ಕೂಡಿಕೊಂಡು ಬೆರಳುದ್ದದ ಗಾಳಿಯ ತುಂಡುಗಳಾದವು, ಅಂಥ ಒಂದು ತುಂಡು ಪಂಪಿನೊಳಗೆ ಹೋದ ಸ್ವಲ್ಪ ಹೊತ್ತಿಗೆ ಎಂಜಿನ್ ಉಸಿರು ಕಟ್ಟಿತು. ಪೆಟ್ರೋಲ್ ಕಾದು ಆವಿಯಾದರೂ ಗುಳ್ಳೆ ಬರಬಹುದು. ಆ ಅನುಮಾನ ಉಳಿಯಬಾರದೆಂದು ಟ್ಯಾಂಕಿನ ಪೈಪನ್ನು ಬಿಡಿಸಿ, ನೆಲದ ಮೇಲೆ ಎಕ್ಸಾಸ್ಟ್‌ನಿಂದ ದೂರ ಇಟ್ಟ ಪ್ರತ್ಯೇಕ ಕ್ಯಾನಿನಿಂದ ಹೊಸ ಪೈಪಿನ ಮೂಲಕ ಪೆಟ್ರೋಲ್ ಕೊಟ್ಟೆ. ಅದೇ ಬಿಸಿಲು, ಅದೇ ಏಸಿ. ಎರಡೂವರೆ ಗಂಟೆ ಒಂದು ಗುಳ್ಳೆಯೂ ಇಲ್ಲದೆ ಓಡಿತು. ಈ ಪರೀಕ್ಷೆ ಮಾಡುವವರು ಬಯಲಿನಲ್ಲಿಯೇ ಮಾಡಬೇಕು, ಗಾಡಿಯ ಪ್ರೋಪೇನ್ ಗ್ಯಾಸ್ ಮುಚ್ಚಿರಬೇಕು, ಪೈಪು ಬಿಚ್ಚುವ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ತೆಗೆದಿರಬೇಕು, ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಂತಿರಬೇಕು. ಗ್ಯಾರೇಜಿನೊಳಗೆ, ಬಾಗಿಲು ತೆರೆದಿದ್ದರೂ, ಜನರೇಟರ್ ಓಡಿಸಲೇಬಾರದು. ಅದರ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಟ್ಯಾಂಕಿನ ಪೆಟ್ರೋಲನ್ನು ಆದಷ್ಟು ಖಾಲಿ ಮಾಡಿ, ಜ್ಯಾಕ್ ಬಾಡಿಗೆಗೆ ತಂದು, ಗೆಳೆಯರೊಬ್ಬರ ನೆರವಿನಿಂದ ಟ್ಯಾಂಕನ್ನು ಆರು ಇಂಚು ಇಳಿಸಿದೆ. 55 ಗ್ಯಾಲನ್, ಅಂದರೆ ಸುಮಾರು 208 ಲೀಟರ್ ಪೆಟ್ರೋಲ್ ಸುಮಾರು 150 ಕಿಲೋ ತೂಗುತ್ತದೆ, ತುಂಬಿದ ಟ್ಯಾಂಕನ್ನು ಇಳಿಸುವ ಸಾಹಸ ಬೇಡ. ಪೈಪು ಟ್ಯಾಂಕಿನ ನೆತ್ತಿಯ ಲೋಹದ ನಳಿಗೆಗೆ ಸೇರುವ ಕಡೆ, ಕ್ಲ್ಯಾಂಪಿನ ಅಂಚಿನಲ್ಲಿ, ದೋಷ ಸಿಕ್ಕಿತು. ಸುಮ್ಮನೆ ನೋಡಿದರೆ ರಬ್ಬರು ನಯವಾಗಿಯೇ ಇತ್ತು. ಬೆರಳಿನಿಂದ ಬಗ್ಗಿಸಿದಾಗ ಮಾತ್ರ ಒಣಗಿದ ಕೆರೆಯಂಗಳದ ಹಾಗೆ ಸೀಳುಗಳು ಬಾಯಿ ಬಿಟ್ಟವು, ಅವುಗಳಲ್ಲಿ ಒಂದು ಒಳಗಿನವರೆಗೂ ಹೋಗಿತ್ತು. ತಣ್ಣಗಿದ್ದಾಗ ಮುಚ್ಚಿಕೊಂಡಿರುತ್ತಿದ್ದ ಆ ಸೀಳು, ಎಂಜಿನ್ನಿನ ಮತ್ತು ನೆಲದ ಕಾವಿಗೆ ರಬ್ಬರು ಮೆತ್ತಗಾದ ಮೇಲೆ ತೆರೆದುಕೊಳ್ಳುತ್ತಿತ್ತೆಂದು ಕಾಣುತ್ತದೆ. ಮೊದಲ ಇಪ್ಪತ್ತು ಮೂವತ್ತು ನಿಮಿಷ ಸುಸೂತ್ರವಾಗಿ ಓಡುತ್ತಿದ್ದದ್ದಕ್ಕೆ ಬೇರೆ ಕಾರಣ ನನಗೆ ತೋಚುವುದಿಲ್ಲ.

ಟ್ಯಾಂಕಿನಿಂದ ಜನರೇಟರಿನವರೆಗೆ ಪೂರ್ತಿ ಪೈಪನ್ನೇ ಬದಲಿಸಿದೆ. ಇಥನಾಲ್ ತಡೆಯುವ ಕಾಲಿಂಚಿನ ಪೈಪು, ಮತ್ತು ರಬ್ಬರನ್ನು ಕೊರೆಯದಂತೆ ಅಂಚು ಮಡಿಸಿರುವ ಕ್ಲ್ಯಾಂಪ್ ಹಾಕಿದ್ದೇನೆ. ಹಳೆಯ ಪೈಪು ಸೀಳಿದ್ದು ಹಳೆಯ ಮಾದರಿಯ ಹಲ್ಲಿನ ಕ್ಲ್ಯಾಂಪ್ ಕೊರೆದ ಗೆರೆಯ ಉದ್ದಕ್ಕೇ. ಅಕ್ಟೋಬರಿನಲ್ಲಿ ಮುಳ್ಳು ಕಾಲಿಗಿಂತ ಸ್ವಲ್ಪ ಮೇಲಿರುವಾಗಲೇ ಬೇಕೆಂದು ಏಸಿ ಹಾಕಿ ಓಡಿಸಿದೆ. ಎರಡು ಗಂಟೆಯ ನಂತರ ಪೆಟ್ರೋಲ್ ನಿಜವಾಗಿಯೂ ಪೈಪಿನ ಬಾಯಿಗಿಂತ ಕೆಳಗಿಳಿದಾಗ ನಿಂತಿತು. ಈಗ ತಿಂಗಳಿಗೊಮ್ಮೆ ಎರಡು ಗಂಟೆ ಅರ್ಧದಷ್ಟು ಹೊರೆ ಹಾಕಿ ಓಡಿಸುತ್ತೇನೆ, ಆದರೆ ಟ್ಯಾಂಕ್ ತುಂಬಿಸಿ ಅಲ್ಲ, ಅರ್ಧವಿರುವಾಗ.

ಅಪ್ಪ ನವೆಂಬರಿನಲ್ಲಿ ಊರಿಗೆ ಹೋದರು. ಡಿಸೆಂಬರಿನಲ್ಲಿ ಫೋನ್ ಮಾಡಿದಾಗ, “ಹೊಸ ಪೈಪು ಕೂತ್ಕೊಂಡ ಮೇಲೆ ಕ್ಲ್ಯಾಂಪು ಸಡಿಲ ಆಗಿರ್ತವೆ, ಒಂದ್ಸಲ ಬಿಗಿ ಮಾಡು,” ಎಂದರು. ಸ್ಕ್ರೂಡ್ರೈವರ್ ತೆಗೆದುಕೊಂಡು ಗಾಡಿಯ ಕೆಳಗೆ ಹೋದೆ. ಪಂಪಿನ ಕಡೆಯ ಕ್ಲ್ಯಾಂಪ್ ಅರ್ಧ ಸುತ್ತು ತಿರುಗಿತು.