ಕೊಟ್ಟೆ, ತೊಟ್ಟೆ, ಪೊಶ್: ಫ್ರೆಂಚ್ ಚೀಲಗಳ ಜತೆ ನನ್ನ ಅನುಭವ

ದಕ್ಷಿಣ ಫ್ರಾನ್ಸಿನ ತುಲೂಸ್‌ನಲ್ಲಿ ಸಾಮಾನಿಗೆ ಕವರ್ ಬೇಕಾದರೆ ‘ಪೊಶ್’ ಕೇಳಬೇಕು. ಪ್ಯಾರಿಸ್ಸಿನವರಿಗೆ ಪೊಶ್ ಅಂದರೆ ಅಂಗಿಯ ಜೇಬು, ಕವರಿಗೆ ಅವರು ‘ಸಾಕ್’ ಅನ್ನುತ್ತಾರೆ. ಉತ್ತರದವರದು ‘ಸಾಶೇ’. ಬ್ರಿಟನಿ ಕಡೆ ‘ಪೊಶೋಂ’. ಲೊರೇನ್‌ನಲ್ಲಿ, ಸ್ವಿಟ್ಜರ್ಲೆಂಡಿನ ಫ್ರೆಂಚ್ ಭಾಗದಲ್ಲಿ ‘ಕೊರ್ನೇ’. ಉಳಿದ ಕಡೆ ಕೊರ್ನೇ ಕೇಳಿದರೆ ಐಸ್‌ಕ್ರೀಮ್ ಕೋನ್ ಕೈಗೆ ಬರುತ್ತದೆ!

ನನಗೆ ಇದೇನೂ ವಿಚಿತ್ರ ಅನ್ನಿಸಲಿಲ್ಲ. ನಾನು ಶಿರಸಿ ಕಡೆಯವಳು. ಪ್ಲಾಸ್ಟಿಕ್ ಕವರಿಗೆ ನಮ್ಮಲ್ಲಿ ಕೊಟ್ಟೆ, ಮಂಗಳೂರಿನವರಿಗೆ ತೊಟ್ಟೆ. ಬೆಂಗಳೂರಿನಲ್ಲಿ ಇವೆರಡರಲ್ಲಿ ಯಾವುದನ್ನು ಕೇಳಿದರೂ ಅಂಗಡಿಯವರು ಮುಖ ಮುಖ ನೋಡುತ್ತಾರೆ, ಅಲ್ವಾ? ಫ್ರಾನ್ಸಿನಲ್ಲಿ 2016ರ ಜುಲೈ 1ರಿಂದ ಕೌಂಟರಿನಲ್ಲಿ ತೆಳು ಪ್ಲಾಸ್ಟಿಕ್ ಕವರ್ ಕೊಡುವಂತಿಲ್ಲ. ಹಾಗಾಗಿ ಬಿಲ್ ಮಾಡುವಾಗಲೆಲ್ಲ ಚೀಲ ಬೇಕಾ ಅಂತ ಕೇಳುತ್ತಾರೆ. ಬಂದ ಹೊಸತರಲ್ಲಿ ಕಿವಿಗೆ ಜಾಸ್ತಿ ಬಿದ್ದ ಮಾತೇ ಅದು.

ಓದು ಮುಗಿದ ಮೇಲೆ ಇಲ್ಲೇ ಒಂದು ಚರ್ಮದ ಚೀಲಗಳ ಅಂಗಡಿಗೆ ಕೆಲಸಕ್ಕೆ ಸೇರಿದೆ. ಇಂಥ ಅಂಗಡಿಗೆ ಮಾರೊಕಿನ್ರಿ ಅನ್ನುತ್ತಾರೆ. ಮೊರಾಕ್ಕೊ ಕಡೆಯ ಮೇಕೆ ಚರ್ಮದಿಂದ ಬಂದ ಹೆಸರು. ತುಲೂಸ್ ವಿಮಾನ ತಯಾರಿಸುವ ಏರ್‌ಬಸ್ ಕಂಪನಿಯ ಊರು, ಎಲ್ಲ ದೇಶದವರೂ ಇದ್ದಾರೆ. ಊರಿನವರ ಹತ್ತಿರ ಫ್ರೆಂಚ್, ಹೊರಗಿನವರ ಹತ್ತಿರ ಇಂಗ್ಲಿಷ್. ಎರಡರಲ್ಲೂ ಚೀಲದ ಹೆಸರು ಬಾಯಲ್ಲಿರಬೇಕು.

ನಿಘಂಟು ಹಿಡಿದು ಉರು ಹೊಡೆಯಲು ಹೋಗಲಿಲ್ಲ. ಚೀಲವನ್ನೇ ಕೈಗೆತ್ತಿಕೊಂಡೆ. ಇದನ್ನು ಎಲ್ಲಿ ನೇತುಹಾಕುತ್ತಾರೆ? ಒಳಗೆ ಏನಿಡುತ್ತಾರೆ? ಇಷ್ಟು ಗೊತ್ತಾದರೆ ಹೆಸರು ತಾನಾಗಿ ಅಂಟಿಕೊಳ್ಳುತ್ತದೆ. ಕೈಯಲ್ಲಿ ಹಿಡಿಯುವುದು ಸಾಕಾಮ್ಯಾಂ. ಬೆನ್ನಿಗೆ ಹಾಕುವುದು ಸಾಕಾದೊ. ಹೊತ್ತು ಹೊತ್ತು ಸಾಕಾಗುವುದೇ ಸಾಕಾದೊ, ಕನ್ನಡದವರು ಇದನ್ನು ಮರೆಯುವುದು ಹೇಗೆ? ಮಕ್ಕಳ ಶಾಲೆ ಚೀಲ ಕಾರ್ತಾಬ್ಲ್. ಅದರೊಳಗಿನ ಪೆನ್ಸಿಲ್ ಚೀಲ ತ್ರೂಸ್, ಸೋಪು ಬ್ರಶ್ಶು ಹಾಕಿಕೊಳ್ಳುವ ಪುಟ್ಟ ಚೀಲವೂ ತ್ರೂಸೇ. ಮದುವೆ ಪಾರ್ಟಿಗೆ ಹಿಡಿದುಕೊಳ್ಳುವ ಕ್ಲಚ್ ಪೊಶೆತ್. ಸಂತೆಗೆ ಒಯ್ಯುವ, ಬಾಯಿ ತೆರೆದೇ ಇರುವ, ಎರಡು ಹಿಡಿಕೆಯ ದೊಡ್ಡ ಚೀಲ ಕಾಬಾ. ಬರೆಯುವಾಗ ಕೊನೆಗೆ ಒಂದು ‘ಸ್’ ಇದೆ, ಆದರೆ ಹೇಳುವುದಿಲ್ಲ. ಇಂಗ್ಲಿಷಿನವರಿಗೆ ಅದನ್ನು ಟೋಟ್ ಅಂದರೆ ಸಾಕು.

ನನಗೆ ಜಾಸ್ತಿ ಇಷ್ಟವಾದದ್ದು ಬೆಜಾಸ್. ಈಗಿನ ಬೆಜಾಸ್ ಹೆಗಲಿಂದ ಅಡ್ಡಕ್ಕೆ ಇಳಿಬಿಡುವ ಮೆತ್ತನೆ ಚೀಲ. ಆದರೆ ಆ ಪದದ ಹಳೆಯ ಅರ್ಥ ಜೋಡಿ ಚೀಲ. ನಡುವೆ ಬಾಯಿ, ಎರಡೂ ಕಡೆ ಹೊಟ್ಟೆ. ಹೆಗಲಿಗೆ ಹಾಕಿದರೆ ಒಂದು ಮುಂದೆ, ಇನ್ನೊಂದು ಹಿಂದೆ. ಅಂದರೆ ನಮ್ಮ ಹಸುಬೆಯೇ! ಎತ್ತಿನ ಬೆನ್ನ ಮೇಲೂ ಹಾಕುತ್ತಿದ್ದರಲ್ಲ, ಅದೇ. ಭಿಕ್ಷುಕರೂ ಬೆಜಾಸ್ ಹೊರುತ್ತಿದ್ದರು. ಅದಕ್ಕೇ ‘ಬೆಜಾಸಿಗೆ ಬಂದ’ ಅಂದರೆ ಭಿಕ್ಷೆ ಬೇಡುವ ಸ್ಥಿತಿಗೆ ಬಂದ ಅಂತ. ಇಂಗ್ಲಿಷಿನಲ್ಲಿ ಇದಕ್ಕೆ ಒಂದೇ ಪದ ಹುಡುಕಿ ಸೋತೆ. ಗಿರಾಕಿಗೆ ಸುಮ್ನೆ ಕ್ರಾಸ್‌ಬಾಡಿ ಬ್ಯಾಗ್ ಅಂದುಬಿಡುತ್ತೇನೆ.

ನಿಜವಾದ ತಲೆನೋವು ಫ್ರೆಂಚ್ ಅಲ್ಲ, ಇಂಗ್ಲಿಷ್. ಅಮೆರಿಕದವರು ಪರ್ಸ್ ಕೇಳಿದರೆ ಸಾಕಾಮ್ಯಾಂ ತೋರಿಸಬೇಕು. ಬ್ರಿಟನ್ನಿನವರು ಪರ್ಸ್ ಅಂದರೆ ಚಿಲ್ಲರೆ ಹಾಕುವ ಪೋರ್ತ್‌-ಮೊನೇ. ಸೊಂಟಕ್ಕೆ ಕಟ್ಟುವ ಚೀಲಕ್ಕೆ ಫ್ರೆಂಚರು ಆಕಾರ ನೋಡಿ ಬಾನಾನ್, ಅಂದರೆ ಬಾಳೆಹಣ್ಣು ಅನ್ನುತ್ತಾರೆ. ಅಮೆರಿಕದವರಿಗೆ ಅದು ಫ್ಯಾನಿ ಪ್ಯಾಕ್. ಬ್ರಿಟನ್ನಿನವರ ಮುಂದೆ ಹಾಗೆನ್ನಬೇಡಿ, ಅಲ್ಲಿ ಫ್ಯಾನಿ ಕೆಟ್ಟ ಪದ. ಬಮ್ ಬ್ಯಾಗ್ ಅನ್ನಿ. ಫ್ರೆಂಚಿನಲ್ಲೂ ಇಂಥದ್ದು ಇಲ್ಲದಿಲ್ಲ. ಒಂದು ರಾತ್ರಿ ಹೊರಗೆ ಉಳಿಯಲು ಒಯ್ಯುವ ಚಿಕ್ಕ ಚೀಲಕ್ಕೆ ಆಡುಮಾತಿನಲ್ಲಿ ಬೇಜಾಂವೀಲ್ ಅನ್ನುತ್ತಾರೆ. ಅದನ್ನು ಬಿಡಿಸಿ ಹೇಳಿದರೆ ಊರಲ್ಲಿ ಅಮ್ಮನಿಂದ ಬೈಸಿಕೊಳ್ಳಬೇಕಾಗುತ್ತದೆ.

ವ್ಯಾಕರಣದಲ್ಲಿ ಒಂದೇ ಒಂದು ವಿಷಯ ಹೇಳುತ್ತೇನೆ. ನಮಗೆ ಆಲೂಗಡ್ಡೆ ಚೀಲ ಅಂದರೆ ಖಾಲಿ ಚೀಲವೂ ಆಗಬಹುದು, ತುಂಬಿದ್ದೂ ಆಗಬಹುದು. ಫ್ರೆಂಚಿನಲ್ಲಿ ಈ ಎರಡು ಪದಗಳ ನಡುವೆ ‘ಆ’ ಬಂದರೆ ಆಲೂಗಡ್ಡೆ ಹಾಕಲಿಕ್ಕೆ ಇರುವ ಚೀಲ, ‘ದ’ ಬಂದರೆ ಆಲೂಗಡ್ಡೆ ತುಂಬಿದ ಚೀಲ. ಎಲ್ಲ ಕಡೆ ಇದು ನಡೆಯುವುದಿಲ್ಲ. ಪ್ರಯಾಣದ ಚೀಲಕ್ಕೂ ಮಲಗುವ ಸ್ಲೀಪಿಂಗ್ ಬ್ಯಾಗಿಗೂ ‘ದ’ ಇದೆ. ಅವನ್ನು ಹಾಗೇ ಬಾಯಿಪಾಠ ಮಾಡಿದೆ.

ನುಡಿಗಟ್ಟುಗಳನ್ನು ಕಲಿತದ್ದು ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ಜತೆಯವರ ಹರಟೆಯಿಂದ. ‘ಕೆಲಸ ಸಾಕ್‌ನಲ್ಲಿದೆ’ ಅಂದರೆ ಕೆಲಸ ಆದ ಹಾಗೇ ಅಂತ. ಇಂಗ್ಲಿಷಿನವರೂ ‘ಇಟ್ಸ್ ಇನ್ ದ ಬ್ಯಾಗ್’ ಅನ್ನುತ್ತಾರೆ, ಇಲ್ಲಿ ಇಬ್ಬರಿಗೂ ರಾಜಿ. ‘ಸಾಕ್ ಖಾಲಿ ಮಾಡಿದಳು’ ಅಂದರೆ ಮನಸ್ಸಿನಲ್ಲಿದ್ದದ್ದನ್ನೆಲ್ಲ ಕಕ್ಕಿದಳು ಅಂತ. ಇಲ್ಲಿ ಇಂಗ್ಲಿಷಿನವರು ಚೀಲ ಬಿಟ್ಟು ಎದೆಗೆ ಹೋಗುತ್ತಾರೆ, ‘ಎದೆ ಮೇಲಿಂದ ಇಳಿಸಿದಳು’ ಅಂತ. ‘ಸಾಕ್‌ನೊಳಗೆ ಕೈ ಇದ್ದಾಗಲೇ ಸಿಕ್ಕಿಬಿದ್ದ’ ಅಂದರೆ ನಮ್ಮ ‘ಮಾಲು ಸಮೇತ ಸಿಕ್ಕಿಬಿದ್ದ’. ಇಂಗ್ಲಿಷಿನವರಿಗೆ ಆಗ ಕೈ ಕೆಂಪಾಗುತ್ತದೆ. ‘ಗಂಟುಗಳ ಸಾಕ್’ ಅಂದರೆ ಯಾರಿಂದಲೂ ಬಿಡಿಸಲಾಗದ ಗೋಜಲು. ಒಂದು ಕಚೇರಿಯಲ್ಲಿ ನನ್ನ ಕಾಗದಪತ್ರದ ಕೆಲಸ ತಿಂಗಳುಗಟ್ಟಲೆ ಎಳೆದಾಡಿದಾಗ ಈ ಮಾತು ಚೆನ್ನಾಗಿ ಉಪಯೋಗಕ್ಕೆ ಬಂತು. ಕಣ್ಣಿನ ಕೆಳಗೆ ಊದಿಕೊಂಡರೆ ಇಂಗ್ಲಿಷಿನವರಿಗೆ ಬ್ಯಾಗ್, ಫ್ರೆಂಚರಿಗೆ ಪೊಶ್.

ಇಂಗ್ಲಿಷಿನಲ್ಲಿ ಗುಟ್ಟು ರಟ್ಟಾದರೆ ಚೀಲದಿಂದ ಬೆಕ್ಕು ಹೊರಬರುತ್ತದೆ. ಫ್ರೆಂಚರಿಗೆ ಆ ಬೆಕ್ಕು ಗೊತ್ತೇ ಇಲ್ಲ. ಅವರು ಬತ್ತಿ ಮಾರುತ್ತಾರೆ. ಸಿಡಿಮದ್ದಿಗೆ ಬೆಂಕಿ ಹಚ್ಚುವ ಬತ್ತಿ ಅದು. ‘ಬಗಾಜ್ ಮಡಚಿದ’ ಅನ್ನುವುದಂತೂ ನೇರ ನಮ್ಮ ‘ಗಂಟುಮೂಟೆ ಕಟ್ಟಿದ’. ಹೇಳದೆ ಕೇಳದೆ ಪರಾರಿಯಾದರೆ ಟ್ರಂಕಿಗೆ ಬಡ್ತಿ, ಅದು ‘ಮಾಲ್’. ಅಂಗಡಿಗೆ ಬರುವ ಅಜ್ಜ ಒಬ್ಬರು ಈಗಲೂ ಬೆಲೆಯನ್ನು ಸಾಕ್‌ನಲ್ಲೇ ಎಣಿಸುತ್ತಾರೆ. ಫ್ರಾಂಕ್ ಇದ್ದ ಕಾಲದಲ್ಲಿ ಆಡುಮಾತಿನಲ್ಲಿ ಒಂದು ಸಾಕ್ ಅಂದರೆ ಹತ್ತು ಫ್ರಾಂಕ್. 2002ರಿಂದ ಕೈಯಲ್ಲಿ ಓಡಾಡುವುದು ಯೂರೋ ಆದರೂ ಅವರ ಲೆಕ್ಕ ಬದಲಾಗಿಲ್ಲ.

ಇಷ್ಟಾದರೂ ಕೆನಡಾದ ಮಾಂಟ್ರಿಯಲ್‌ನವರು ಬಂದರೆ ಎಚ್ಚರಿಕೆಯಿಂದಿರಬೇಕು. ಇಲ್ಲಿ ಸಾಕೊಶ್ ಅಂದರೆ ಲ್ಯಾಪ್‌ಟಾಪ್ ಚೀಲ, ಇಲ್ಲವೇ ಸೈಕಲ್ಲಿನ ಪಕ್ಕದ ಚೀಲ. ಮಾಂಟ್ರಿಯಲ್ ಇರುವ ಕೆಬೆಕ್ ಪ್ರಾಂತ್ಯದ ಹೆಂಗಸರಿಗೆ ಅದು ಕೈಚೀಲ. ಅವರು ಸಾಕೊಶ್ ಕೇಳಿದರೆ ನಾನು ಕಪಾಟಿನ ಕಡೆ ಹೋಗುವ ಮೊದಲು, ಕೈಯಲ್ಲಿ ಹಿಡಿಯುವುದಾ, ಹೆಗಲಿಗೆ ಹಾಕುವುದಾ ಅಂತ ಕೇಳುತ್ತೇನೆ. ಯಾವ ದೇಶದವರಾದರೂ ಇದಕ್ಕೆ ಸರಿಯಾಗಿ ಉತ್ತರ ಕೊಡುತ್ತಾರೆ.