ಕನ್ನಡ ಮೀಡಿಯಂ ಮೇಷ್ಟ್ರು ಟಾಂಜಾನಿಯಾದಲ್ಲಿ ಗಣಿತ ಹೇಳಿದ್ದು

ಏಜೆನ್ಸಿಗೆ ಒಂದು ರೂಪಾಯಿ ಕೊಡದೆ ಟಾಂಜಾನಿಯಾದ ಹೈಸ್ಕೂಲೊಂದರಲ್ಲಿ ಒಂದು ವರ್ಷ ಗಣಿತ ಹೇಳಿ ಬಂದೆ. ಇದು ಆಗುತ್ತದೆ ಅಂತ ದಾವಣಗೆರೆಯಲ್ಲಿ ನನ್ನ ಜೊತೆಯ ಮೇಷ್ಟ್ರುಗಳು ಯಾರೂ ನಂಬಿರಲಿಲ್ಲ. "ಈ ಇಂಗ್ಲಿಷ್ ಇಟ್ಕೊಂಡು ಫಾರಿನ್‌ಗೆ ಹೋಗ್ತೀರಾ ಸಾರ್?" ಅಂತ ಸ್ಟಾಫ್ ರೂಮಿನಲ್ಲೇ ನಕ್ಕವರಿದ್ದಾರೆ. ಈಗ ಅವರೇ ಫೋನ್ ಮಾಡಿ ಹೇಗೆ ಮಾಡಿದ್ರಿ ಅಂತ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಬರೆದೇಬಿಡುತ್ತೇನೆ.

ಮೊದಲು ದುಡ್ಡು ನೀರಿಗೆ ಹೋದ ಕಥೆ. ಟೆಫಲ್ ಅಂತ, ವಿದೇಶಿಯರಿಗೆ ಇಂಗ್ಲಿಷ್ ಕಲಿಸುವ ತರಬೇತಿ, 120 ಗಂಟೆಯ ಕೋರ್ಸ್ ಆನ್‌ಲೈನ್‌ನಲ್ಲಿ ಮಾಡಿದೆ, ಹನ್ನೆರಡು ಸಾವಿರದ ಹತ್ತಿರ ಆಯಿತು. ಇಂಗ್ಲಿಷ್ ಕಲಿಸುವವರಿಗೆ ಅದು ಸರಿ. ಗಣಿತದವನ ಹತ್ತಿರ ಆ ಸರ್ಟಿಫಿಕೇಟ್ ಯಾರೂ ಕೇಳಲೇ ಇಲ್ಲ. ಆಮೇಲೆ ವಾಲಂಟಿಯರ್‌ಗಳನ್ನು ಫಾರಿನ್‌ಗೆ ಕಳಿಸುವ ಏಜೆನ್ಸಿಗಳು. ಪುಕ್ಕಟೆ ಪಾಠ ಮಾಡುವುದಕ್ಕೆ ನಾನೇ ತಿಂಗಳಿಗೆ ಲಕ್ಷದ ಮೇಲೆ ಕಟ್ಟಬೇಕಂತೆ! ವಿಎಸ್‌ಒ, ಯುಎನ್ ವಾಲಂಟಿಯರ್ಸ್ ತರಹದ ಸ್ವಯಂಸೇವಾ ಸಂಸ್ಥೆಯವರು ಖರ್ಚಿಗೆ ಕೊಡುತ್ತಾರೆ, ನಿಜ. ಆದರೆ ನಾನು ನೋಡಿದ ಜಾಹೀರಾತುಗಳಲ್ಲಿ ಅವರಿಗೆ ಬೇಕಿದ್ದದ್ದು ಶಿಕ್ಷಕರಿಗೆ ತರಬೇತಿ ಕೊಡುವವರು, ಯೋಜನೆ ನೋಡಿಕೊಳ್ಳುವವರು. ನನಗೆ ಬೇಕಿದ್ದದ್ದು ಬೋರ್ಡು, ಸೀಮೆಸುಣ್ಣ.

ದಾರಿ ಸಿಕ್ಕಿದ್ದು ಬೇರೆ ಕಡೆ. ಟಾಂಜಾನಿಯಾದ ಸರ್ಕಾರಿ ಪ್ರೈಮರಿ ಶಾಲೆಗಳಲ್ಲಿ 7ನೇ ಕ್ಲಾಸಿನವರೆಗೆ ಪಾಠ ಸ್ವಾಹಿಲಿಯಲ್ಲಿ. ಸೆಕೆಂಡರಿಗೆ, ಅಂದರೆ ಫಾರ್ಮ್ ಒನ್‌ಗೆ ಕಾಲಿಟ್ಟ ಕೂಡಲೇ ಎಲ್ಲ ಇಂಗ್ಲಿಷ್. ಇದು ನಮ್ಮದೇ ಕಥೆ ಅಲ್ವಾ? ಕನ್ನಡ ಮೀಡಿಯಂನಲ್ಲಿ ಎಸ್ಸೆಸ್ಸೆಲ್ಸಿ ಗಣಿತಕ್ಕೆ ತೊಂಬತ್ತು ತೆಗೆದ ಹುಡುಗ ಪಿಯು ಸೈನ್ಸ್ ಸೇರಿ ಮೊದಲ ಟೆಸ್ಟಿನಲ್ಲೇ ಮಕಾಡೆ ಬೀಳುತ್ತಾನೆ. ಅವನಿಗೆ ಲೆಕ್ಕ ಬರುತ್ತದೆ, ಪ್ರಶ್ನೆ ಅರ್ಥವಾಗುವುದಿಲ್ಲ. ಅಂಥವರಿಗೆ ಏಪ್ರಿಲ್-ಮೇನಲ್ಲಿ ಮನೆ ಮಹಡಿ ಮೇಲೆ ಬ್ರಿಡ್ಜ್ ಕ್ಲಾಸ್ ತೆಗೆದುಕೊಂಡು ನನಗೆ ಇಪ್ಪತ್ತು ವರ್ಷದ ಮೇಲಾಗಿದೆ. ಅದನ್ನೇ ಬರೆದೆ. ನಲವತ್ತೋ ಐವತ್ತೋ ಶಾಲೆಗೆ ನೇರವಾಗಿ ಮೇಲ್ ಹಾಕಿದೆ. ಹೆಚ್ಚಿನವರು ಉತ್ತರ ಕೊಡಲಿಲ್ಲ. ಮೊರೊಗೊರೊ ಕಡೆಯ ಒಂದು ಚರ್ಚ್ ಶಾಲೆಯವರು ಎರಡೇ ದಿನದಲ್ಲಿ ಫೋನ್ ಮಾಡಿದರು. ಪತ್ರದ ಎರಡನೇ ಪ್ಯಾರಾ ಅವರನ್ನು ಹಿಡಿಯಿತು. ಅದರಲ್ಲಿ ಏನಿತ್ತು ಅಂತ ಇಲ್ಲಿ ಹೇಳುವುದಿಲ್ಲ, ಇನ್ನೊಂದು ಸಲ ಹೋಗುವ ಆಸೆ ಇದೆ. ಅಲ್ಲಿ ವರ್ಷ ಶುರುವಾಗುವುದು ಜನವರಿಗೆ. ಜುಲೈ-ಆಗಸ್ಟ್‌ನಲ್ಲಿ ಬರೆದರೆ ಕೆಲಸ ಆಗುತ್ತದೆ.

ಇನ್ನು ತಾಲೀಮು, ಮಕ್ಕಳ ಭಾಷೆ ಬಳಸದೆ ಪಾಠ ಮಾಡುವುದಕ್ಕೆ. ಹರಿಹರ ರಸ್ತೆ ಕಡೆ ಒಂದು ರೈಸ್ ಮಿಲ್ಲು. ಅಲ್ಲಿ ಮೂಟೆ ಹೊರಲು ಬಿಹಾರದಿಂದ ಬಂದವರ ಮಕ್ಕಳು ಹತ್ತು ಹದಿನೈದು ಜನ. ಮಾಲೀಕರನ್ನು ಕೇಳಿ ಸಂಜೆ ಪಾಠ ಶುರು ಮಾಡಿದೆ. ಷರತ್ತು ಒಂದೇ: ನನ್ನ ಬಾಯಲ್ಲಿ ಕನ್ನಡವೂ ಬರಬಾರದು, ಹಿಂದಿಯೂ ಬರಬಾರದು. ಟ್ರೇನಿಂಗ್‌ಗಳಲ್ಲಿ ಮಾಡಿಟ್ಟಿದ್ದ ಟಿಎಲ್‌ಎಂ, ಅಂದರೆ ಕಾರ್ಡುಗಳಂಥ ಕಲಿಕಾ ಸಾಮಗ್ರಿಯ, ಪೆಟ್ಟಿಗೆ ಪೂರ್ತಿ ಹೊತ್ತುಕೊಂಡು ಹೋದೆ. ಮೊದಲ ವಾರ ಮಕ್ಕಳು ಕಾರ್ಡು ನೋಡಿ ನಕ್ಕು ಓಡಿಹೋದರು. ಪೆಟ್ಟಿಗೆ ಅಟ್ಟ ಸೇರಿತು.

ಆಮೇಲೆ ಬಾಯಿ ಮುಚ್ಚಿಕೊಂಡೇ ಪಾಠ ಮಾಡಿದೆ. ಬೋರ್ಡಿನ ಮೇಲೆ ಬಿಡಿಸಿದ ಲೆಕ್ಕ ಮೂರು, ಅದರಲ್ಲಿ ಒಂದು ತಪ್ಪು. ಯಾವುದು ಅಂತ ಬೆರಳು ತೋರಿಸಬೇಕು. ಅದು ಹಿಡಿಯಿತು ನೋಡಿ! ಮುಂದಿನ ಹಂತ, ವಾರಕ್ಕೆ ಐದೇ ಇಂಗ್ಲಿಷ್ ಪದ. ಯಾವ ಐದು ಅನ್ನುವುದರಲ್ಲಿ ಗುಟ್ಟಿದೆ, ಅದು ನನ್ನ ಹತ್ತಿರವೇ ಇರಲಿ. ಮೂರನೆಯದು, ಇಂಗ್ಲಿಷ್ ಪ್ರಶ್ನೆಯಲ್ಲಿ ಅಂಕಿಗಳನ್ನೆಲ್ಲ ಅಳಿಸಿ ಬರೀ ವಾಕ್ಯ ಕೊಡುವುದು. ಅಂಕಿ ಕಂಡರೆ ಮಕ್ಕಳು ಓದದೆ ಕೂಡಿಸಿಬಿಡುತ್ತಾರೆ, ಗೊತ್ತಲ್ಲ. ಅಂಕಿ ಇಲ್ಲದಿದ್ದರೆ ಓದಲೇಬೇಕು. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಅಂತ ಚಿತ್ರ ಬರೆದು ತೋರಿಸಿದ ಮೇಲೆ ಅಂಕಿ ಕೊಡುತ್ತೇನೆ. ಮೊರೊಗೊರೊದಲ್ಲಿ ಅರವತ್ತರ ಹತ್ತಿರ ಮಕ್ಕಳಿದ್ದ ಫಾರ್ಮ್ ಒನ್ ಕ್ಲಾಸಿನಲ್ಲಿ ಇದೇ ನಡೆಯಿತು.

ಎಣಿಸಲು ಮೆಕ್ಕೆಜೋಳದ ಕಾಳು. ನಮ್ಮ ಎಪಿಎಂಸಿಯಲ್ಲಿ ಅದಕ್ಕೇನು ಬರವೇ? ಅಲ್ಲಿಯವರ ಊಟವೂ ಅದರ ಹಿಟ್ಟಿನ ಉಗಾಲಿ. ಅಭ್ಯಾಸವಾಗಲಿ ಅಂತ ಮನೆಯಲ್ಲಿ ಮಾಡಿಸಿದೆ. ಮೊದಲ ಸಲ ಗಂಟುಗಂಟಾಯಿತು. ನಾಲ್ಕನೇ ಸಲಕ್ಕೆ ಮುದ್ದೆ ತರಹ ಬಂತು. ನಮ್ಮ ಮನೆಯವರು ಮಾತ್ರ "ನಿಮ್ಮ ಆಫ್ರಿಕಾ ನೀವೇ ಉಣ್ಣಿ" ಅಂತ ರೊಟ್ಟಿ ತಟ್ಟಿಕೊಂಡರು.

ಕಾಗದಪತ್ರ ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಪಾಸ್‌ಪೋರ್ಟ್ ನಮ್ಮ ಹೆಡ್ ಪೋಸ್ಟ್ ಆಫೀಸಿನಲ್ಲೇ ಆಯಿತು, 1500 ರೂಪಾಯಿ. ಪೊಲೀಸ್ ಕ್ಲಿಯರೆನ್ಸ್‌ಗೆ 500. ಟೂರಿಸ್ಟ್ ವೀಸಾದಲ್ಲಿ ಪಾಠ ಮಾಡುವಂತಿಲ್ಲ, ವಾಲಂಟಿಯರ್‌ಗೂ ಕ್ಲಾಸ್ ಸಿ ರೆಸಿಡೆನ್ಸ್ ಪರ್ಮಿಟ್ ಬೇಕು. ಅರ್ಜಿಯನ್ನು ಶಾಲೆಯವರೇ ಹಾಕಿದರು, ಫೀಸು ನನ್ನದು.

ಹಳದಿ ಜ್ವರದ ಲಸಿಕೆ ವಿಷಯದಲ್ಲಿ ನಾನು ಜಾಣತನ ಮಾಡಿದೆ. ನನ್ನ ವಿಮಾನ ಅಡಿಸ್ ಅಬಾಬಾ ಮೇಲೆ. ಇಥಿಯೋಪಿಯಾ ಹಳದಿ ಜ್ವರದ ದೇಶ, ಲಸಿಕೆ ಕಾರ್ಡ್ ಇಲ್ಲದೆ ವಾಪಸ್ ಬಂದರೆ ನಮ್ಮವರು 6 ದಿನ ಕ್ವಾರಂಟೈನ್‌ಗೆ ಹಾಕಬಹುದು. 60 ದಾಟಿದವರಿಗೆ ಮೊದಲ ಸಲ ಈ ಲಸಿಕೆ ಹಾಕಲು ವೈದ್ಯರು ಹಿಂದೆಮುಂದೆ ನೋಡುತ್ತಾರೆ, ಅಡ್ಡಪರಿಣಾಮದ ಭಯ ಜಾಸ್ತಿ. ಅದಕ್ಕೇ ರಿಟೈರ್ ಆಗುವ ಮೊದಲೇ ಬೆಂಗಳೂರಿಗೆ ಹೋಗಿ ಹಾಕಿಸಿಕೊಂಡೆ. ಹತ್ತು ದಿನ ಆದ ಮೇಲೆ ಕಾರ್ಡ್ ಚಾಲ್ತಿ, ಆಮೇಲೆ ಜೀವನಪೂರ್ತಿ. ಮಲೇರಿಯಾ ಮಾತ್ರೆಗೆ ವೈದ್ಯರನ್ನು ಕೇಳಿ. ನನಗೆ ಕೊಟ್ಟ ಡಾಕ್ಸಿಸೈಕ್ಲಿನ್ ವಾಪಸ್ ಬಂದ ಮೇಲೂ 4 ವಾರ ನುಂಗಬೇಕಿತ್ತು. ಪ್ಲಾಸ್ಟಿಕ್ ಕ್ಯಾರಿಬ್ಯಾಗಿನಲ್ಲಿ ಏನೂ ಕಟ್ಟಿಕೊಂಡು ಹೋಗಬೇಡಿ. 2019ರ ಜೂನ್‌ನಿಂದ ಅಲ್ಲಿ ನಿಷೇಧ, ಏರ್‌ಪೋರ್ಟಿನಲ್ಲೇ ಇಸಿದುಕೊಳ್ಳುತ್ತಾರೆ.

ಟಿಕೆಟ್, ಪರ್ಮಿಟ್, ಸರ್ಟಿಫಿಕೇಟ್‌ಗಳ ಅಟೆಸ್ಟೇಷನ್, ಲಸಿಕೆ ಎಲ್ಲ ಸೇರಿ ಒಂದೂವರೆ ಲಕ್ಷದ ಆಸುಪಾಸು ಆಯಿತು, ಟೆಫಲ್ ದಂಡ ಬಿಟ್ಟು. ರೂಮು, ಎರಡು ಹೊತ್ತಿನ ಊಟ ಶಾಲೆಯದು. ಮೊದಲ ಟರ್ಮ್ ನನಗೆ ಫಾರ್ಮ್ ಒನ್ ಬಿಟ್ಟು ಬೇರೆ ಕೊಡಲಿಲ್ಲ. ಫಾರ್ಮ್ ಟೂಗೆ ರಾಷ್ಟ್ರೀಯ ಪರೀಕ್ಷೆ ಇರುತ್ತದೆ, ಹೊಸಬನ ಕೈಗೆ ಯಾರು ಕೊಡುತ್ತಾರೆ? ಜುಲೈಯಲ್ಲಿ ಅದನ್ನೂ ಕೊಟ್ಟರು. ಅಲ್ಲಿನ ಗಣಿತದ ಮೇಷ್ಟ್ರು ಈಗ ಅಂಕಿ ಅಳಿಸಿದ ಪ್ರಶ್ನೆಗಳನ್ನು ತಾವೇ ಮಾಡಿ ವಾಟ್ಸಾಪ್‌ನಲ್ಲಿ ಕಳಿಸುತ್ತಾರೆ. ಒಂದೆರಡನ್ನು ಈ ವರ್ಷ ನಮ್ಮ ಮಹಡಿ ಕ್ಲಾಸಿನಲ್ಲೂ ಕೊಟ್ಟೆ.